ಸುತ್ತಿಗೆ ಬೇಡ, ತಿರುಪು ಸಾಕು

ಪೆಡಲನ್ನು ಹೊತ್ತ ತೋಳೇ ಕ್ರ್ಯಾಂಕ್. ಅನೇಕ ಗೇರ್ ಸೈಕಲ್ಲುಗಳಲ್ಲಿ ಇದು ಅಚ್ಚಿನ ಚೌಕ ತುದಿಗೆ ಬೆಣೆಯಂತೆ ಬಿಗಿದಿರುತ್ತದೆ. ಬೋಲ್ಟ್ ಬಿಚ್ಚಿದರೂ ಕದಲದು. ಸುತ್ತಿಗೆಯಿಂದ ಬಡಿದರೆ ಬೇರಿಂಗ್ ಕೆಡಬಹುದು.

ಇದಕ್ಕೆಂದೇ ಇರುವ ಅಗ್ಗದ ಸಾಧನ ಕ್ರ್ಯಾಂಕ್ ಪುಲ್ಲರ್. ಬೋಲ್ಟ್, ವಾಷರ್ ಎರಡನ್ನೂ ತೆಗೆಯಿರಿ. ಪುಲ್ಲರಿನ ಒಳತಿರುಪನ್ನು ಹಿಂದಕ್ಕೆ ಸರಿಸಿ, 22 ಮಿ.ಮೀ. ವ್ಯಾಸದ ಹೊರತಿರುಪನ್ನು ಕೈಯಿಂದಲೇ ಕ್ರ್ಯಾಂಕಿನೊಳಗೆ ಪೂರ್ತಿ ಕೂರಿಸಿ. ಅರ್ಧ ಕೂತರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಕ್ರ್ಯಾಂಕೇ ಹಾಳು! ಬಳಿಕ ಒಳತಿರುಪನ್ನು ಸ್ಪ್ಯಾನರಿನಿಂದ ಬಿಗಿಯಿರಿ. ಅದು ಅಚ್ಚನ್ನು ಒತ್ತಿದಂತೆ ಕ್ರ್ಯಾಂಕ್ ಹೊರಬರುತ್ತದೆ.

15 ಸೆಂ.ಮೀ. ಸ್ಪ್ಯಾನರ್ ಒಮ್ಮೆ ಸುತ್ತಿದರೆ ಕೈ ಸಾಗುವುದು ಸುಮಾರು 94 ಸೆಂ.ಮೀ.; ತಿರುಪು ಸರಿಯುವುದು ಒಂದೆರಡು ಮಿ.ಮೀ. ಘರ್ಷಣೆಯಲ್ಲಿ ನಷ್ಟವಾದರೂ ಬಲ ಹತ್ತಾರು ಪಟ್ಟು ಹೆಚ್ಚುತ್ತದೆ. ಕಾಟರ್ ಪಿನ್ನಿನ ಸಾದಾ ಸೈಕಲ್ಲಿಗೆ ಇದು ಹೊಂದದು.

ಪಾಲಕರೇ, ಪಕ್ಕದಲ್ಲಿ ನಿಂತು ಸ್ಪ್ಯಾನರನ್ನು ಮಕ್ಕಳ ಕೈಗೇ ಕೊಡಿ. ಪುಸ್ತಕದ ಪಾಠ ಅಂಗೈಗೆ ತಿಳಿಯಲಿ.