ಆಟದಲ್ಲಿ ಚಕ್ಕೆ ಎದ್ದ ಹಲ್ಲು: ತಡ ಏಕೆ ಸಲ್ಲದು

ಹಾಕಿ, ಕಬಡ್ಡಿ, ಬಾಸ್ಕೆಟ್‌ಬಾಲ್, ಕ್ರಿಕೆಟ್ ಮೊದಲಾದ ಆಟಗಳಲ್ಲಿ ಹಲ್ಲಿಗೆ ಪೆಟ್ಟಾದಾಗ ಹೆಚ್ಚಾಗಿ ಘಾಸಿಗೊಳ್ಳುವುದು ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ ಇದ್ದು, ಪೆನಾಲ್ಟಿ ಕಾರ್ನರ್‌ನಲ್ಲಿ ಅದು ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನುಗ್ಗಬಲ್ಲದು. ಚೆಂಡೇ ಇಲ್ಲದ ಕಬಡ್ಡಿಯಲ್ಲಿ ಎದುರಾಳಿಯ ಮೊಣಕೈಯೋ ತಲೆಯೋ ಅದೇ ಕೆಲಸ ಮಾಡುತ್ತದೆ. ಇಂಥ ಪೆಟ್ಟಿಗೆ ಹಲ್ಲಿನ ತುದಿಯಿಂದ ಒಂದು ಚಕ್ಕೆ ಎದ್ದಾಗ ನೋವು ಅಷ್ಟಾಗಿ ಕಾಣದಿದ್ದರೆ, ಆಟಗಾರರು ಬಾಯಿ ಮುಕ್ಕಳಿಸಿ ಮತ್ತೆ ಅಂಗಳಕ್ಕಿಳಿಯುತ್ತಾರೆ. ದಂತವೈದ್ಯರ ಭೇಟಿ ಮೊದಲು ಪಂದ್ಯಾವಳಿ ಮುಗಿಯುವವರೆಗೆ, ಆಮೇಲೆ ಬಿಡುವು ಸಿಗುವವರೆಗೆ ಮುಂದಕ್ಕೆ ಹೋಗುತ್ತದೆ. ನೋವು ಎಷ್ಟಿದೆಯೋ ಹಾನಿಯೂ ಅಷ್ಟೇ ಎಂಬ ಈ ಎಣಿಕೆ ಹಲ್ಲಿನ ವಿಷಯದಲ್ಲಿ ತಪ್ಪು, ಮತ್ತು ಆ ತಪ್ಪಿನ ಬೆಲೆ ಕೆಲವೊಮ್ಮೆ ಇಡೀ ಹಲ್ಲು.

ಹಲ್ಲಿನ ರಚನೆಯನ್ನು ಗಮನಿಸಿದರೆ ಇದರ ಕಾರಣ ತಿಳಿಯುತ್ತದೆ. ಹೊರಗೆ ಕಾಣುವ ಎನಾಮೆಲ್ ಎಂಬ ಬಿಳಿಯ ಕವಚ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತುವಾದರೂ, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಅಳಿದುಹೋಗಿರುವುದರಿಂದ, ಮುರಿದ ಮೂಳೆ ಕೂಡುವಂತೆ ಅದು ತಾನಾಗಿ ಕೂಡಿಕೊಳ್ಳುವುದಿಲ್ಲ. ಅದರ ಒಳಗಿರುವುದು ಡೆಂಟಿನ್ ಎಂಬ ನಸುಹಳದಿ ಪದರ. ಇದರ ಪ್ರತಿ ಚದರ ಮಿಲಿಮೀಟರಿನಲ್ಲೂ ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿದ್ದು, ಅವೆಲ್ಲ ಒಳಗಿನ ಪಲ್ಪ್‌ನತ್ತ, ಅಂದರೆ ರಕ್ತನಾಳಗಳೂ ನರಗಳೂ ತುಂಬಿರುವ ಜೀವಂತ ತಿರುಳಿನತ್ತ, ಸಾಗುತ್ತವೆ. ಎನಾಮೆಲ್ ಮಾತ್ರ ಮುರಿದಿದ್ದರೆ ಅಂಚನ್ನು ನಯಗೊಳಿಸಿದರೂ ಸಾಕಾಗಬಹುದು. ಡೆಂಟಿನ್ ಬಯಲಾದರೆ ತಣ್ಣೀರು, ಗಾಳಿ ತಗುಲಿದಾಗ ಹಲ್ಲು ಜುಮ್ಮೆನ್ನುತ್ತದೆ. ಅದೇ ಕೊಳವೆಗಳ ಮೂಲಕ ಬಾಯಿಯ ಬ್ಯಾಕ್ಟೀರಿಯಾಗಳೂ ಒಳಸೇರುತ್ತವೆ. ಕೆಲವೊಮ್ಮೆ ಆ ಜುಮ್ಮೆನ್ನುವಿಕೆ ಕ್ರಮೇಣ ನಿಂತುಹೋಗುತ್ತದೆ. ಆಟಗಾರರು ಅದನ್ನು ಗುಣವೆಂದು ಭಾವಿಸುವುದುಂಟು. ಆದರೆ ತಿರುಳು ಸತ್ತಾಗಲೂ ಹಾಗೆಯೇ ಆಗುತ್ತದೆ, ಮತ್ತು ತಿಂಗಳುಗಳ ಮೇಲೆ ಹಲ್ಲು ಬೂದುಬಣ್ಣಕ್ಕೆ ತಿರುಗಿದಾಗ ಅಥವಾ ಬೇರಿನ ತುದಿಯಲ್ಲಿ ಕೀವು ಕಟ್ಟಿದಾಗಷ್ಟೇ ಸತ್ಯ ಬಯಲಾಗುತ್ತದೆ.

ತಿರುಳೇ ಕಾಣುವಷ್ಟು ಆಳಕ್ಕೆ ಹಲ್ಲು ಮುರಿದು, ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಕಂಡರೆ ಸಮಯದ ಮಹತ್ವ ಇನ್ನೂ ಹೆಚ್ಚುತ್ತದೆ. ಮೊದಲ ಒಂದೆರಡು ದಿನ ಉರಿಯೂತ ಸಾಮಾನ್ಯವಾಗಿ ತಿರುಳಿನ ಮೇಲಿನ ಒಂದೆರಡು ಮಿಲಿಮೀಟರಿಗೆ ಸೀಮಿತವಾಗಿರುವುದರಿಂದ, ದಂತವೈದ್ಯರು ಅಷ್ಟು ಭಾಗವನ್ನು ಮಾತ್ರ ತೆಗೆದು, ಉಳಿದ ಜೀವಂತ ತಿರುಳನ್ನು ಔಷಧಯುಕ್ತ ಸಿಮೆಂಟಿನಿಂದ ಮುಚ್ಚಿ, ಹಲ್ಲನ್ನು ಜೀವಸಹಿತ ಉಳಿಸಬಲ್ಲರು. ತಡವಾಗಿ ತಿರುಳು ಪೂರ್ತಿ ಕೆಟ್ಟರೆ ಉಳಿಯುವ ದಾರಿ ರೂಟ್ ಕೆನಾಲ್, ಅಂದರೆ ತಿರುಳನ್ನೆಲ್ಲ ತೆಗೆದು ಆ ನಾಳವನ್ನು ತುಂಬುವ ಚಿಕಿತ್ಸೆ. ಶಾಲಾಮಕ್ಕಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು: ಏಳೆಂಟು ವರ್ಷಕ್ಕೆ ಹುಟ್ಟುವ ಬಾಚಿಹಲ್ಲಿನ ಬೇರು ಪೂರ್ತಿ ಬೆಳೆಯಲು ಮತ್ತೆ ಸುಮಾರು ಮೂರು ವರ್ಷ ಬೇಕಾಗುವುದರಿಂದ, ಅದಕ್ಕೆ ಮೊದಲೇ ತಿರುಳು ಸತ್ತರೆ ಬೇರು ತೆಳ್ಳಗೆ, ಅಪೂರ್ಣವಾಗಿ ಉಳಿದು, ಮುಂದಿನ ಸಣ್ಣ ಪೆಟ್ಟಿಗೂ ಮುರಿಯಬಹುದು.

ಮುರಿದ ಚೂರು ಸಿಕ್ಕರೆ ಅದನ್ನು ಎಸೆಯಬಾರದು. ಹಾಲಿನಲ್ಲೋ ನೀರಿನಲ್ಲೋ ಮುಳುಗಿಸಿ ಒಣಗದಂತೆ ತಂದರೆ, ಹಲವು ವೇಳೆ ವೈದ್ಯರು ಅದನ್ನೇ ಮತ್ತೆ ಅಂಟಿಸಬಲ್ಲರು. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಎನಾಮೆಲ್‌ಗೆ ಆಮ್ಲ ಸವರಿ ಅಂಟನ್ನು ಹಿಡಿಸುವ ವಿಧಾನವನ್ನು ತೋರಿಸಿದ ಮೇಲೆ ಬೆಳೆದ ತಂತ್ರ ಇದು. ಚೂರು ಎಲ್ಲೂ ಸಿಗದಿದ್ದರೆ ಅದು ಸೀಳಿದ ತುಟಿಯೊಳಗೆ ಹೂತಿರಬಹುದು, ಶ್ವಾಸನಾಳಕ್ಕೂ ಇಳಿದಿರಬಹುದು; ಆದ್ದರಿಂದ ಎಕ್ಸ್-ರೇ ಬೇಕಾಗುತ್ತದೆ. ಪೆಟ್ಟಿನೊಡನೆ ತಲೆಸುತ್ತು, ವಾಂತಿ, ಮರೆವು ಕಂಡರೆ ಹಲ್ಲಿಗಿಂತ ಮೊದಲು ತಲೆಯ ತಪಾಸಣೆಯಾಗಬೇಕು.

ಆಟಗಾರರ ಬಾಯಿಯ ಆರೋಗ್ಯ ಸಾಮಾನ್ಯವಾಗಿ ಊಹಿಸುವಷ್ಟು ಚೆನ್ನಾಗಿರುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಸಂದರ್ಭದಲ್ಲಿ 302 ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ ಶೇ. 55 ಮಂದಿಯಲ್ಲಿ ಹುಳುಕು, ಶೇ. 45 ಮಂದಿಯಲ್ಲಿ ಹಲ್ಲಿನ ಸವೆತ ಕಂಡುಬಂದಿತ್ತು. ಬಾಯಿಯ ತೊಂದರೆ ತಮ್ಮ ತರಬೇತಿಗೋ ಪ್ರದರ್ಶನಕ್ಕೋ ಅಡ್ಡಿಯಾಗಿದೆ ಎಂದವರು ಶೇ. 18. ಏದುಸಿರಿನಿಂದ ಒಣಗಿದ ಬಾಯಿಗೆ ಆಮ್ಲೀಯವೂ ಸಿಹಿಯೂ ಆದ ಕ್ರೀಡಾ ಪಾನೀಯಗಳು ಮತ್ತೆಮತ್ತೆ ಬೀಳುವಾಗ, ಬಯಲಾದ ಡೆಂಟಿನ್ ಬೇಗ ಕೆಡುವುದು ಸಹಜ. ಚಿಕಿತ್ಸೆಯಿಂದ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದೆಂಬ ಅಂಜಿಕೆಗೂ ಹೆಚ್ಚಿನ ಆಧಾರವಿಲ್ಲ: ಹಲ್ಲಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ನಿಷಿದ್ಧವಲ್ಲ, ಅದರೊಡನೆ ಬೆರೆಸುವ ಅಡ್ರಿನಲಿನ್ ಕೂಡ ಅಲ್ಲ. ಊತ ತಗ್ಗಿಸಲು ಬಳಸುವ ಕೆಲವು ಸ್ಟೆರಾಯ್ಡ್‌ಗಳಿಗೆ ಮಾತ್ರ ಸ್ಪರ್ಧೆಯ ಅವಧಿಯಲ್ಲಿ ನಿರ್ಬಂಧವಿದೆ. ಹಾಗಾಗಿ ತಾವು ಕ್ರೀಡಾಪಟುವೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು.

2002ರ ಮೇ ತಿಂಗಳಲ್ಲಿ ಆಂಟಿಗುವಾ ಟೆಸ್ಟಿನಲ್ಲಿ ಮರ್ವಿನ್ ಡಿಲನ್ ಅವರ ಎಸೆತಕ್ಕೆ ದವಡೆ ಮುರಿದ ಬೆಂಗಳೂರಿನ ಅನಿಲ್ ಕುಂಬ್ಳೆ, ಮುಖಕ್ಕೆ ಪಟ್ಟಿ ಸುತ್ತಿಕೊಂಡೇ ಬೌಲಿಂಗ್ ಮಾಡಿ ಬ್ರಿಯಾನ್ ಲಾರಾ ಅವರ ವಿಕೆಟ್ ಪಡೆದ ದೃಶ್ಯ ಕನ್ನಡಿಗರ ನೆನಪಿನಲ್ಲಿ ಮಾಸಿಲ್ಲ. ಆ ಕೆಚ್ಚು ಗೌರವಕ್ಕೆ ಅರ್ಹವೇ. ಆದರೆ ಅದೇ ಕುಂಬ್ಳೆ ಸರಣಿಯನ್ನು ಅಲ್ಲಿಗೇ ಬಿಟ್ಟು ಶಸ್ತ್ರಚಿಕಿತ್ಸೆಗಾಗಿ ತಾಯ್ನಾಡಿಗೆ ಮರಳಿದರೆಂಬುದನ್ನು ಎಳೆಯ ಆಟಗಾರರಿಗೆ ಹೇಳುವವರು ಕಡಿಮೆ.

ಅಂತರರಾಷ್ಟ್ರೀಯ ಹಾಕಿ ನಿಯಮಾವಳಿ ಆಟಗಾರರಿಗೆ ಬಾಯಿ ರಕ್ಷಕವನ್ನು, ಅಂದರೆ ಹಲ್ಲುಸಾಲನ್ನು ಮುಚ್ಚುವ ಮೆತ್ತನೆಯ ಕವಚವನ್ನು, ಶಿಫಾರಸು ಮಾಡುತ್ತದೆ. ಕೊಡಗಿನ ಮೈದಾನವಾಗಲಿ ಬೆಂಗಳೂರಿನ ಟರ್ಫ್ ಆಗಲಿ, ಅಭ್ಯಾಸದ ದಿನವೂ ಅದು ಬಾಯಲ್ಲಿರಬೇಕು. ಇನ್ನು ಪೆಟ್ಟು ಬಿದ್ದೇಬಿಟ್ಟರೆ, ತರಬೇತುದಾರರು ಆಟಗಾರರನ್ನು ಸಾಧ್ಯವಾದರೆ ಅದೇ ದಿನ ದಂತವೈದ್ಯರ ಬಳಿಗೆ ಕಳುಹಿಸಲಿ. ಹಲ್ಲು ಸರಿಹೋದಂತೆ ಕಂಡರೂ ಆರರಿಂದ ಎಂಟು ವಾರಗಳ ಮೇಲೊಮ್ಮೆ, ವರ್ಷದ ಮೇಲೊಮ್ಮೆ ಮರುತಪಾಸಣೆಗೆ ಕಳುಹಿಸುವುದನ್ನು ಮರೆಯದಿರಲಿ.