ಪಲ್ಪರ್ ನೀರು ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ



ಕೊಯ್ಲು ಹತ್ತಿರವಾದಂತೆ ಸಂಘದ ಕಚೇರಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಎರಡು ಎಕರೆಯವನಿಗೂ ಮಾಲಿನ್ಯ ಮಂಡಳಿಯ ಕಾಯಿದೆ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಗೊತ್ತಿದ್ದೂ ಹೊಳೆ, ಹಳ್ಳ, ಬಾವಿಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಕಾಯಿದೆಯ 24ನೇ ಕಲಮು ನಿಷೇಧಿಸುತ್ತದೆ. ತೋಟದ ವಿಸ್ತೀರ್ಣವನ್ನು ಅದು ಕೇಳುವುದಿಲ್ಲ. ನಮ್ಮ ರಾಜ್ಯದ ಮಂಡಳಿ ಹುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಮಮದಾಪುರವಿರುವ ಗೋಕಾಕದ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗೆ ಯಾವ ಕಾಯಿದೆಯೋ, ಮಲೆನಾಡಿನ ಪಲ್ಪರಿಗೂ ಅದೇ. ಎರಡೂ ಕಡೆ ನೀರು ಕೆಡಿಸುವುದು ಮುಖ್ಯವಾಗಿ ಸಿಹಿಯ ಅಂಶವೇ.

ಕಾಫಿ ಹಣ್ಣಿನ ಲೋಳೆ ನೀರಿಗೆ ಬಿದ್ದು ಹುಳಿಯುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನು ಸಾಯುವುದು ಹೀಗೆ. ಈ ಆಮ್ಲಜನಕದ ಬೇಡಿಕೆಯನ್ನೇ ಬಿ.ಓ.ಡಿ. ಎನ್ನುತ್ತಾರೆ. ಹೊಳೆಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಪಲ್ಪರಿನಿಂದ ಬರುವ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಅದೂ ಹಳ್ಳ ಬಡಕಲಾಗಿರುವ ಚಳಿಗಾಲದಲ್ಲಿ. ಕೆಳಗಿನ ಊರಿನವರಿಗೆ, ಅವರ ದನಕರುಗಳಿಗೆ ಅದೇ ನೀರು. (ಅಡಿಕೆ ಬೇಯಿಸುವಾಗ ಚೊಗರನ್ನು ಜೋಪಾನ ಮಾಡಿ ಮತ್ತೆ ಬಳಸುತ್ತೇವೆ. ಕಾಫಿಯಲ್ಲಿ ಆ ಜಾಣತನ ಸಾಲದು.)

ಮಂಡಳಿಯ ಸಮ್ಮತಿ ಪತ್ರವಿಲ್ಲದೆ ಇಂಥ ನೀರು ಹೊರಬಿಡುವಂತಿಲ್ಲ. 1988ರ ತಿದ್ದುಪಡಿಯಿಂದ ಘಟಕ ಮುಚ್ಚಿಸುವ, ವಿದ್ಯುತ್ ಕಡಿತ ಮಾಡಿಸುವ ಅಧಿಕಾರವೂ ಮಂಡಳಿಗೆ ಬಂದಿದೆ. ಅಧಿಕಾರಿಗಳು ನೀರಿನ ಮಾದರಿ ತೆಗೆಯಲು ಬಂದರೆ ತೋಟ ಬಿಟ್ಟು ಮರೆಯಾಗುವುದು ಬೇಡ. ಎದುರಿಗೇ ನಿಂತು, ಮಾದರಿಯನ್ನು ಎರಡು ಭಾಗ ಮಾಡಿ ಮೊಹರು ಹಾಕಬೇಕೆಂದು ಕೇಳಿ, ಸಹಿ ಮಾಡಿ. 21ನೇ ಕಲಮು ಕೊಟ್ಟ ಹಕ್ಕು ಅದು. ನೀವು ಕೇಳದಿದ್ದರೆ ಮಾದರಿ ಭಾಗವಾಗದೆ ಹೋಗುತ್ತದೆ. ಸಮ್ಮತಿ ನಿರಾಕರಿಸಿದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ನಮ್ಮವರು ಗಮನಿಸದ ಮಾತೊಂದು 17ನೇ ಕಲಮಿನಲ್ಲಿದೆ. ಆಯಾ ಪ್ರದೇಶದ ಮಣ್ಣು, ಹವೆ, ಜಲಸಂಪತ್ತಿಗೆ ಹೊಂದುವಂತೆ ಕಡಿಮೆ ಖರ್ಚಿನ, ನಂಬಬಹುದಾದ ಶುದ್ಧೀಕರಣ ವಿಧಾನಗಳನ್ನು ರೂಪಿಸುವುದೂ ಮಂಡಳಿಯ ಕರ್ತವ್ಯವೇ. ನೋಟೀಸು ಕೊಡುವುದಷ್ಟೇ ಅದರ ಕೆಲಸವಲ್ಲ. ಸಣ್ಣ ಬೆಳೆಗಾರನ ಶಕ್ತಿಗೆ ತಕ್ಕ ಹೊಂಡ ಯಾವುದೆಂದು ನಾವು ಲಿಖಿತವಾಗಿಯೇ ಕೇಳಬೇಕು. ಒಬ್ಬೊಬ್ಬರೇ ಕೇಳಿದರೆ ಕಡತ ಸರಿಯುವುದಿಲ್ಲ ಎಂಬುದು ಕಚೇರಿ ಅಲೆದವರಿಗೆ ಗೊತ್ತು.

ಅಲ್ಲಿಯವರೆಗೆ ಸಿಪ್ಪೆಯನ್ನು ನೀರಿಗೆ ಬಿಡದೆ ಗೊಬ್ಬರದ ಗುಂಡಿಗೆ ಹಾಕಿ. ಪಲ್ಪಿಂಗ್ ನೀರನ್ನು ತಿರುಗಿ ಬಳಸಿ. ಉಳಿದದ್ದನ್ನು ಹಳ್ಳದಿಂದಲೂ ಬಾವಿಯಿಂದಲೂ ದೂರವಿರುವ, ತಳ ಸೋರದ ಹೊಂಡದಲ್ಲಿ ನಿಲ್ಲಿಸಿ, ಹುಳಿ ಮುರಿಯಲು ಸುಣ್ಣ ಬೆರೆಸಿ.

ಪಲ್ಪರ್ ಇರುವ ಸದಸ್ಯರು ದಿನಕ್ಕೆಷ್ಟು ಹಣ್ಣು, ಎಷ್ಟು ನೀರು, ಹೊಂಡದ ಅಳತೆ ಏನು ಎಂಬ ವಿವರವನ್ನು ಕೊಯ್ಲಿಗೆ ಮುಂಚೆ ಸಂಘಕ್ಕೆ ಬರೆದು ಕೊಟ್ಟರೆ ಎಲ್ಲರ ಪರವಾಗಿ ಒಂದೇ ಅರ್ಜಿ ಸಿದ್ಧಪಡಿಸುತ್ತೇನೆ.

– ಕಾರ್ಯದರ್ಶಿ