ಕೆಮ್ಮಿನ ಗಿಡಮೂಲಿಕೆ: ಸರಕು ಔಷಧವಾಗುವುದು ಎಲ್ಲಿ?

ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಅತಿಮಧುರ ಇವು ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣದ ವರ್ತಕರಿಗೆ ಪರಿಚಿತ ಸರಕುಗಳು. ಶುಂಠಿಯನ್ನು ನಮ್ಮ ಜಿಲ್ಲೆಯ ರೈತರೇ ವ್ಯಾಪಕವಾಗಿ ಬೆಳೆಯುತ್ತಾರೆ. ಆಡುಸೋಗೆ ಬೇಲಿಯಲ್ಲಿಯೇ ದೊರೆಯುತ್ತದೆ. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಅಧ್ಯಯನದಿಂದಲೇ ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧ ರೂಪುಗೊಂಡಿತು. ಅತಿಮಧುರವಂತೂ ಚೀನೀ ವೈದ್ಯದಲ್ಲಿಯೂ ಕೆಮ್ಮಿನ ಮದ್ದಿಗೆ ಬಳಕೆಯಾಗುತ್ತದೆ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಸೇವಿಸಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೃತಪಟ್ಟ ದುರಂತದ ನಂತರ, ಗಿಡಮೂಲಿಕೆಯೇ ಸುರಕ್ಷಿತವೆಂಬ ಭಾವನೆ ಗ್ರಾಹಕರಲ್ಲಿ ಮೂಡುವುದು ಸಹಜ. ಈ ಬೇಡಿಕೆಯನ್ನು ನಂಬಿ ಹೊಸ ತಯಾರಿಕೆಗೆ ಕೈಹಾಕುವವರು ಕೆಲವು ಅಂಶಗಳನ್ನು ಮೊದಲೇ ಅರಿತಿರಬೇಕು.

ಚೀಟಿಯೇ ನಿರ್ಣಾಯಕ

ಶುಂಠಿಪುಡಿಯನ್ನು ಶುಂಠಿಪುಡಿಯೆಂದೇ ಮಾರಿದರೆ ಅದು ಆಹಾರ. ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಅಥವಾ ಪರವಾನಗಿ ಸಾಕು. ಅದೇ ಪೊಟ್ಟಣದ ಮೇಲೆ 'ಕೆಮ್ಮು ನಿವಾರಕ' ಎಂದು ಮುದ್ರಿಸಿದೊಡನೆ ಅದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆಗ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ 25-ಡಿ ನಮೂನೆಯ ತಯಾರಿಕಾ ಪರವಾನಗಿ ಬೇಕು. ಶೆಡ್ಯೂಲ್ ಟಿ ವಿಧಿಸುವ ಕಟ್ಟಡ, ಯಂತ್ರ, ನೈರ್ಮಲ್ಯ, ದಾಖಲೆಗಳ ಮಾನದಂಡ ಪಾಲಿಸಬೇಕು. ಸ್ವಂತ ಕಾರ್ಖಾನೆ ಕಟ್ಟಲಾಗದವರು 25-ಇ ನಮೂನೆಯ ಸಾಲ ಪರವಾನಗಿ ಪಡೆದು, ಪರವಾನಗಿಯುಳ್ಳ ಘಟಕದಲ್ಲಿ ತಯಾರಿಸಿಕೊಳ್ಳಬಹುದು. ತನ್ನ ರೋಗಿಗಳಿಗಾಗಿ ಮದ್ದು ಅರೆಯುವ ವೈದ್ಯರಿಗೆ ಕಾಯ್ದೆ ವಿನಾಯಿತಿ ನೀಡಿದೆ. ಅಂಗಡಿಗೆ ಸರಬರಾಜು ಮಾಡುವವರಿಗೆ ಅದು ಅನ್ವಯಿಸದು.

ಚಿಲ್ಲರೆ ವರ್ತಕರೂ ಎಚ್ಚರ ವಹಿಸಬೇಕು. ಆಯುರ್ವೇದ ಔಷಧ ಮಾರಲು ಪ್ರತ್ಯೇಕ ಪರವಾನಗಿ ಬೇಕಿಲ್ಲವಾದರೂ, ಪರವಾನಗಿಯಿಲ್ಲದೆ ತಯಾರಾದುದನ್ನು ದಾಸ್ತಾನಿಟ್ಟು ಮಾರುವುದು ಅಪರಾಧ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆ ಹಾಗೂ ಅವಧಿ ಮುಗಿಯುವ ದಿನಾಂಕ, ಘಟಕಗಳ ಪಟ್ಟಿ ಇಲ್ಲದ ಸರಕನ್ನು ಕೊಳ್ಳದಿರುವುದೇ ಕ್ಷೇಮ.

ಲೆಕ್ಕ ಮತ್ತು ತೆರಿಗೆ

ಶಾಸ್ತ್ರೋಕ್ತವಾದ ಸಿತೋಪಲಾದಿ ಚೂರ್ಣದ ಪ್ರಮಾಣ ಕಲ್ಲುಸಕ್ಕರೆ 16, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಅಂದರೆ 31 ಕಿಲೋ ಚೂರ್ಣದಲ್ಲಿ 16 ಕಿಲೋ ಸಕ್ಕರೆ. ಬಿದಿರಿನಿಂದ ದೊರೆಯುವ ವಂಶಲೋಚನ ದುಬಾರಿ. ಕಡಿಮೆ ದರ ಹೇಳಬೇಕೆಂಬ ಪೈಪೋಟಿಯಲ್ಲಿ ಕಲಬೆರಕೆ ನುಸುಳುವುದು ಇಲ್ಲಿಯೇ. ದರ ನಿಗದಿಗೆ ಮುನ್ನ ಶುದ್ಧ ಘಟಕಗಳ ವೆಚ್ಚಕ್ಕೆ ಪರೀಕ್ಷಾ ವೆಚ್ಚವನ್ನೂ ಸೇರಿಸಿ ನೋಡಬೇಕು.

ಸ್ವಾಮ್ಯದ ಆಯುರ್ವೇದ ಔಷಧಗಳ ಮೇಲಿದ್ದ ಶೇ. 12ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಪ್ಲಾಸ್ಟಿಕ್ ಬಾಟಲಿಗೆ ಶೇ. 18 ತೆರುವ ಸಿರಪ್ ತಯಾರಕರಲ್ಲಿ ಹೂಡುವಳಿ ತೆರಿಗೆ ಉಳಿಯಬಹುದು. ನಿಯಮಾನುಸಾರ ಮರುಪಾವತಿ ಕೋರಲು ಖರೀದಿ ಬಿಲ್ಲುಗಳು ಕ್ರಮಬದ್ಧವಾಗಿರಬೇಕು.

ಛಿಂದ್ವಾಡದ ಪಾಠ

ಅಲ್ಲಿ ಪ್ರಾಣ ತೆಗೆದದ್ದು ದ್ರಾವಕದೊಡನೆ ಬಂದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಅನುಮತಿಸಿದ ಮಿತಿ ಶೇ. 0.1, ಸಿರಪ್‌ನಲ್ಲಿ ಪತ್ತೆಯಾದದ್ದು ಶೇ. 48.6. ಗಿಡಮೂಲಿಕೆಯ ಸಿರಪ್‌ಗೂ ಗ್ಲಿಸರಿನ್‌ನಂತಹ ದ್ರವಗಳನ್ನು ಬೆರೆಸುವವರಿಗೆ ಅದೇ ಅಪಾಯವುಂಟು. ಪ್ರತಿ ಪೀಪಾಯಿಯ ಪರೀಕ್ಷಾ ವರದಿ ಕಡತದಲ್ಲಿರಲಿ. ಗಿಡಮೂಲಿಕೆಯೂ ನಿರಪಾಯವೆಂದು ಭಾವಿಸಬಾರದು: ಅತಿಮಧುರ ಅತಿಯಾದರೆ ರಕ್ತದೊತ್ತಡ ಏರುತ್ತದೆ, ವರ್ಷ ತುಂಬದ ಶಿಶುವಿಗೆ ಜೇನು ಸಲ್ಲದು, ಸಕ್ಕರೆಯಿರುವ ಚೂರ್ಣ ಮಧುಮೇಹಿಗಳಿಗೆ ತಕ್ಕುದಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯ ಪರೀಕ್ಷೆ ಅಗತ್ಯ. ಅಂತಹ ಗ್ರಾಹಕರಿಗೆ ಇನ್ನೊಂದು ಬಾಟಲಿ ಮಾರುವುದಕ್ಕಿಂತ ಸರ್ಕಾರಿ ಆಸ್ಪತ್ರೆಯ ದಾರಿ ತೋರುವುದು ವರ್ತಕರ ಧರ್ಮ.